ಎರಡು ಮೇಟಿಯ ಕಣ

ಆ ವರ್ಷ ತುಮಕೂರಿಗೆ ಸುಣ್ಣ ಬಣ್ಣ ಬಳಿದದ್ದು ಹಬ್ಬಕ್ಕೂ ಅಲ್ಲ, ಎಲೆಕ್ಷನ್ನಿಗೂ ಅಲ್ಲ. ಹದಿನಾಲ್ಕು ದೇಶದ ಹೆಣ್ಣುಮಕ್ಕಳು ಖೋ ಖೋ ಆಡೋದಕ್ಕೆ ಬರುತ್ತಾರೆ ಅಂತ. ಅದೂ ಬೆಂಗಳೂರಿಗಲ್ಲ, ಮೈಸೂರಿಗಲ್ಲ, ನಮ್ಮ ತುಮಕೂರಿಗೆ! ಸುದ್ದಿ ಬಂದದ್ದೇ ತಡ, ಊರಿಗೆ ಊರೇ ಮದುವೆ ಮನೆಯಾಯಿತು. ಬಿ.ಎಚ್. ರಸ್ತೆಯ ಡಿವೈಡರಿಗೆ ಕಪ್ಪು ಹಳದಿ ಪಟ್ಟೆ ಬಿತ್ತು. ಎಷ್ಟೋ ವರ್ಷದಿಂದ ಕತ್ತು ಬಗ್ಗಿಸಿಕೊಂಡು ನಿಂತಿದ್ದ ಬೀದಿದೀಪಗಳು ನೆಟ್ಟಗಾದವು. ಬಸ್ ಸ್ಟ್ಯಾಂಡ್ ಗೋಡೆಯ ಮೇಲೆ ಮೂರಾಳೆತ್ತರದ ಹುಡುಗಿಯೊಬ್ಬಳು ಕೈ ಚಾಚಿಕೊಂಡು ಓಡತೊಡಗಿದಳು. ತಟ್ಟೆ ಇಡ್ಲಿಗೆ ಇಂಗ್ಲಿಷಿನಲ್ಲಿ ಏನು ಬರೆಯೋದು ಅಂತ ಹೋಟೆಲಿನವರು ಎರಡು ದಿನ ಜಗಳ ಆಡಿ, ಕೊನೆಗೆ ತಟ್ಟೆ ಇಡ್ಲಿ ಅಂತಲೇ ಬರೆದರು. "ಊಟದ ಚಿಂತೆ ನಮಗೆ ಬಿಡಿ" ಅಂದರು ಮಠದವರು. ಆಟೋದವರು ಮೀಟರ್ ಹಾಕುವ ಮಾತಾಡಿದರು ಸ್ವಾಮಿ, ಇನ್ನೇನು ಹೇಳಲಿ?

ಮದುವೆ ಗಡಿಬಿಡಿಯಲ್ಲಿ ತಾಳಿ ಕಟ್ಟೋದನ್ನೇ ಮರೆತರು ಅಂತಾರಲ್ಲ, ಹಾಗೆ ಒಂದನ್ನು ಮಾತ್ರ ಎಲ್ಲರೂ ಮರೆತಿದ್ದರು. ಆ ಮಕ್ಕಳು ಆಡಬೇಕಾದ ನೆಲ.

ಎಲ್ಲರೂ ಅಂದರೆ ತಪ್ಪಾಗುತ್ತದೆ. ಪ್ರೇಮಲತಾ ಮರೆತಿರಲಿಲ್ಲ. ಸರ್ಕಾರಿ ಹೈಸ್ಕೂಲಿನಲ್ಲಿ ಇಪ್ಪತ್ತೆರಡು ವರ್ಷದಿಂದ ಪಿ.ಟಿ. ಟೀಚರು, ವಯಸ್ಸು ನಲವತ್ತೇಳು, ಕತ್ತಿನಲ್ಲಿ ಮಾಂಗಲ್ಯದ ಜೊತೆಗೇ ವಿಷಲ್ಲು. ಹರೆಯದಲ್ಲಿ ರಾಜ್ಯ ತಂಡಕ್ಕೆ ಆಡಿದವಳು. ವಿದೇಶದ ಒಂದು ತಂಡವನ್ನಾದರೂ ಎದುರಿಸಿ ಆಡುವ ಭಾಗ್ಯ ಅವಳಿಗೆ ಬಂದಿರಲಿಲ್ಲ. ಪಂದ್ಯಾವಳಿಯ ಮೈದಾನದ ಉಸ್ತುವಾರಿ ಈಗ ಅವಳದ್ದು. ಮೊದಲ ಮೀಟಿಂಗಿನಲ್ಲೇ ಎದ್ದು ನಿಂತು ಅಂದಿದ್ದಳು: "ಈ ಆಟ ಹುಟ್ಟಿದ್ದು ಮಣ್ಣಲ್ಲಿ. ನಮ್ ಹುಡ್ಗೀರು ಕಲಿತಿದ್ದೂ ಮಣ್ಣಲ್ಲಿ. ಪ್ರಪಂಚ ನಮ್ಮನೆಗೆ ಬರ್ತಾ ಇದೆ ಅಂದ್ಮೇಲೆ ರಬ್ಬರ್ ಮ್ಯಾಟ್ ಹಾಸಿ ಕೂರ್ಸೋದೇನ್ರೀ? ಮಣ್ಣಲ್ಲೇ ಆಡ್ಸೋಣ."

ಪಂದ್ಯಾವಳಿ ನಡೆಸುವ ಅಂತಾರಾಷ್ಟ್ರೀಯ ಸಮಿತಿಯವರು ಒಪ್ಪಿದರು, ಆದರೆ ಒಂದು ಷರತ್ತು ಹಾಕಿದರು. ಅವರ ಕಡೆಯಿಂದ ಒಬ್ಬರು ಬಂದು ನೆಲ ಪರೀಕ್ಷೆ ಮಾಡುತ್ತಾರೆ. ಪಾಸಾದರೆ ತುಮಕೂರು. ಫೇಲಾದರೆ ಹದಿನಾಲ್ಕು ದೇಶವೂ ಬೆಂಗಳೂರಿಗೆ, ಸೂರಿನ ಕೆಳಗೆ, ಮ್ಯಾಟಿನ ಮೇಲೆ.

ನೆಲ ಮಾಡುವ ಗುತ್ತಿಗೆ ಹಿಡಿದಿದ್ದ ಪುಣ್ಯಾತ್ಮ ಜಲ್ಲಿಪುಡಿ ಬೆರೆಸಿದ ಮಣ್ಣು ಸುರಿದು, ರೋಲರ್ ಓಡಿಸಿ, ಫೋಟೋ ತೆಗೆಸಿಕೊಂಡು ಹೋದ. ಪ್ರಾಕ್ಟೀಸಿಗೆ ಬಂದ ಭೂಮಿಕಾ ಅನ್ನೋ ಹುಡುಗಿ ಎದುರಾಳಿಯನ್ನು ಮುಟ್ಟಲು ನೆಲಕ್ಕೆ ಡೈವ್ ಹೊಡೆದಳು ನೋಡಿ, ಮಂಡಿಯಿಂದ ಕಣಕಾಲಿನವರೆಗೆ ಚರ್ಮ ಕಿತ್ತು ಬಂತು. ಖೋ ಖೋದಲ್ಲಿ ಬೀಳದೆ ಆಟವಿಲ್ಲ. ಬಿದ್ದೇ ಔಟ್ ಮಾಡಬೇಕು. ಪ್ರೇಮಲತಾ ಆ ಹುಡುಗಿಯ ಕಾಲು ತೊಡೆಯ ಮೇಲಿಟ್ಟುಕೊಂಡು ಜಲ್ಲಿಚೂರು ಒಂದೊಂದೇ ತೆಗೆದಳು. ತೆಗೆಯುತ್ತಾ ಅತ್ತಳು, ಆಮೇಲೆ ಎದ್ದು ಹೋಗಿ ಅಷ್ಟೂ ಮಣ್ಣನ್ನು ಟ್ರಾಕ್ಟರಿಗೆ ತುಂಬಿಸಿ ಹೊರಗೆ ಹಾಕಿಸಿದಳು.

ಪರೀಕ್ಷೆಗೆ ಉಳಿದದ್ದು ಒಂಬತ್ತು ದಿನ. "ಮಣ್ಣು ಮಣ್ಣು ಅಂತ ಹಟ ಹಿಡಿದು ಊರಿನ ಬಾಯಿಗೇ ಮಣ್ಣು ಹಾಕಿದಳು" ಎಂದು ಆಗಲೇ ಒಂದಿಬ್ಬರು ಅಂದದ್ದು ಅವಳ ಕಿವಿಗೂ ಬಿದ್ದಿತ್ತು.

ತುಮಕೂರಿನ ಸ್ವಾಗತ ಸಮಿತಿಯ ಆಫೀಸಿನಲ್ಲಿ ಲಕ್ಷ್ಮೀಕಾಂತ್ ಅಂತ ಒಬ್ಬ ಗುಮಾಸ್ತ. ಕೆಲಸದಲ್ಲಿ ಚುರುಕು, ಆದರೆ ಕನ್ನಡ ಬರೆಯಲು ಕೂತನೆಂದರೆ ಸಾಮಾನ್ಯ ಮಾತು ಅವನಿಗೆ ಸೇರದು. "ಗ್ರೌಂಡ್ ಕೆಲಸದೋರು ಬೇಕು ಅಂತ ಒಂದು ಮೆಸೇಜ್ ಹಾಕಪ್ಪ" ಎಂದು ಪ್ರೇಮಲತಾ ಹೇಳಿದ್ದಕ್ಕೆ ಅವನು ಬರೆದದ್ದು ಹೀಗೆ: 'ಅಂತಾರಾಷ್ಟ್ರೀಯ ಮಹಾಸಮರಕ್ಕೆ ಕಣ ಸಜ್ಜುಗೊಳಿಸಬೇಕಾಗಿದೆ. ಕಣ ನಿರ್ಮಾಣದಲ್ಲಿ ನುರಿತವರು ಕೂಡಲೇ ಸಂಪರ್ಕಿಸಿ.' ಅದು ಪಂಚಾಯ್ತಿ ವಾಟ್ಸಾಪ್ ಗುಂಪುಗಳಲ್ಲಿ ಕೈಯಿಂದ ಕೈಗೆ ಹಾರಿ ಕೋರ ಅನ್ನೋ ಹಳ್ಳಿ ಮುಟ್ಟಿತು.

ಪೇಟೆಯವನಿಗೆ ಕಣ ಅಂದರೆ ಚುನಾವಣೆಯ ಕಣ, ಕುಸ್ತಿಯ ಕಣ. ಕೋರದವರಿಗೆ ಕಣ ಅಂದರೆ ಒಂದೇ ಅರ್ಥ. ರಾಗಿ ಬಡಿಯೋ ಕಣ.

ಕೋರದ ನೀರುಗಂಟಿ ಕದರಯ್ಯ ಮೊಬೈಲ್ ಹಿಡಿದುಕೊಂಡು ನೇರ ಚಿಕ್ಕಗಂಗಮ್ಮನ ಮನೆಗೆ ಹೋದ. ಅರವತ್ತೆರಡು ವರ್ಷದ ಚಿಕ್ಕಗಂಗಮ್ಮ ಕಣ ಮಾಡಿದರೆ ಅದರ ಮೇಲೆ ಚೆಲ್ಲಿದ ರಾಗಿಯಲ್ಲಿ ಒಂದು ಹರಳು ಸಿಗೋದಿಲ್ಲ ಎಂದು ಸುತ್ತ ಹತ್ತು ಹಳ್ಳಿಯಲ್ಲಿ ಹೆಸರು. ಆದರೇನು? ಈಗ ಎಲ್ಲರೂ ರಾಗಿ ತೆನೆಯನ್ನು ಟಾರ್ ರೋಡಿನ ಮೇಲೆ ಹರವಿ ಲಾರಿ ಓಡಾಡಲಿ ಅಂತ ಕೂರುತ್ತಾರೆ, ಇಲ್ಲವೇ ಮಿಷನ್ ಕರೆಸುತ್ತಾರೆ. ಅವಳನ್ನು ಕಣಕ್ಕೆ ಅಂತ ಯಾರಾದರೂ ಕರೆದು ಏಳು ವರ್ಷವಾಗಿತ್ತು.

"ಗಂಗವ್ವಾ, ತುಮ್ಕೂರಲ್ಲಿ ಕಣ ಮಾಡೋರು ಬೇಕಂತೆ. ಫಾರಿನ್ನೋರು ಬತ್ತಾವ್ರಂತೆ" ಅಂದ ಕದರಯ್ಯ.

"ಫಾರಿನ್ನೋರಿಗೆ ಕಣ ಯಾಕ್ಲಾ?"

"ಈಗ ರಾಗಿ ಅಂದ್ರೆ ಫಾರಿನ್ನಲ್ಲಿ ಭಾರಿ ಡಿಮಾಂಡು ಕಣವ್ವ. ಬಡಿಯೋದ್ ನೋಡಕ್ಕೆ ಬತ್ತಿರ್ಬೇಕು."

"ಅಯ್ಯೋ ಬುಡು, ನೋಡ್ಲಿ. ನೋಡೋ ಹಂಗೆ ಮಾಡಾನ" ಅಂದಳು ಚಿಕ್ಕಗಂಗಮ್ಮ. ಮಾರನೆಯ ಬೆಳಗ್ಗೆ ಹನ್ನೊಂದು ಹೆಂಗಸರನ್ನು ಟಾಟಾ ಏಸಿಗೆ ಹತ್ತಿಸಿಕೊಂಡು, ನೆಲ ಬಡಿಯೋ ನಾಲ್ಕು ದಿಮ್ಮಸು, ಹತ್ತು ಪೊರಕೆ, ಎರಡು ಡ್ರಮ್ಮು ಸಗಣಿಯ ಸಮೇತ ಮೈದಾನಕ್ಕೆ ಬಂದಿಳಿದಳು.

ಪ್ರೇಮಲತಾ ಆ ಹೊತ್ತಿಗೆ ಊರಲ್ಲಿಲ್ಲ. ಗುಬ್ಬಿಯಲ್ಲಿ ಹುಡುಗಿಯರ ಎಂಟು ದಿನದ ಕ್ಯಾಂಪು, ಅದರಲ್ಲಿ ಮೊದಲ ನಾಲ್ಕು ದಿನ ಅವಳದ್ದು. ಬಿದರೆಹಳ್ಳ ಕಾವಲಿನ ಕಾರ್ಖಾನೆಯ ಹೆಲಿಕಾಪ್ಟರು ಆಗಾಗ ತಲೆಯ ಮೇಲೆ ಬಂದು ಅವಳ ವಿಷಲ್ಲನ್ನು ನುಂಗುತ್ತಿತ್ತು. ಸಂಜೆ ಲಕ್ಷ್ಮೀಕಾಂತನಿಗೆ ಫೋನ್ ಮಾಡಿದಾಗ ಅವನು, "ಮೇಡಂ, ಕೋರದಿಂದ ಒಂದು ಟೀಮ್ ಬಂದಿದೆ. ಅದ್ಭುತ! ನೀವು ಬಂದು ನೋಡಿ ಅಷ್ಟೇ" ಅನ್ನುತ್ತಿದ್ದ. ಅವನು ಸುಳ್ಳು ಹೇಳುತ್ತಿರಲಿಲ್ಲ.

ಅವನು ಚಿಕ್ಕಗಂಗಮ್ಮನ ಕೈಗೆ ಕೊಟ್ಟಿದ್ದು ಒಂದು ನಕ್ಷೆ. ಇಪ್ಪತ್ತೇಳು ಮೀಟರ್ ಉದ್ದ, ಹದಿನಾರು ಮೀಟರ್ ಅಗಲ, ಆ ತುದಿಗೊಂದು ಈ ತುದಿಗೊಂದು ಕಂಬ. ಅವಳು ಅದನ್ನು ತಿರುಗಿಸಿ ಮುರುಗಿಸಿ ನೋಡಿದಳು. ಕಣದ ನಡುವೆ ಒಂದು ಕಂಬ ನೆಡುತ್ತಾರೆ, ಅದಕ್ಕೆ ಮೇಟಿ ಅಂತ ಹೆಸರು, ಎತ್ತುಗಳು ಅದರ ಸುತ್ತ ತಿರುಗಿ ತೆನೆ ತುಳಿಯಬೇಕು.

"ಒಂದ್ ಕಣಕ್ಕೆ ಎರಡು ಮೇಟಿನಾ?" ಅಂದಳು.

"ಎರಡೇ ಅಮ್ಮಾ. ಅಂತಾರಾಷ್ಟ್ರೀಯ ನಿಯಮ" ಅಂದ ಲಕ್ಷ್ಮೀಕಾಂತ್, ಮೇಟಿ ಅಂದರೆ ಪೋಲಿಗೆ ಹಳ್ಳಿ ಮಾತು ಇರಬೇಕು ಅಂದುಕೊಂಡು.

"ಹಂಗಾರೆ ಎರಡು ಜೊತೆ ಎತ್ತು ಕಟ್ತಾರೆ ಕಾಣ್ತದೆ. ಅವರ ಪದ್ಧತಿ ಅವರಿಗೆ" ಅಂದುಕೊಂಡು ಅವಳು ಸೆರಗು ಸಿಕ್ಕಿಸಿದಳು. ಇಬ್ಬರೂ ತಮ್ಮ ತಮ್ಮ ಮಟ್ಟಿಗೆ ಸರಿಯಾಗಿಯೇ ಇದ್ದರು, ಅದೇ ಬಂದ ಕಷ್ಟ.

ಐದನೆಯ ದಿನ ಬೆಳಗ್ಗೆ ಪ್ರೇಮಲತಾ ಬಂದು ಗೇಟಿನಲ್ಲೇ ನಿಂತುಬಿಟ್ಟಳು. ಏನು ಹೇಳೋಣ! ನೆಲವೆಂದರೆ ನೆಲ. ಈ ಮೂಲೆಯಿಂದ ಆ ಮೂಲೆಗೆ ಒಂದು ಗೀರಿಲ್ಲ, ಒಂದು ತಗ್ಗಿಲ್ಲ. ಸಗಣಿಯ ಸಾರಣೆ ಒಣಗಿ ಎಳೆ ಬಿಸಿಲಿಗೆ ಹಸಿರುಗಪ್ಪಾಗಿ ಮಿರುಗುತ್ತಿತ್ತು. ಅಂಚು ನೂಲು ಹಿಡಿದ ಹಾಗೆ ನೆಟ್ಟಗೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ಇಲ್ಲಿ ಯಾವಳಿಗೂ ಆ ಮಾತು ಆಡುವ ಧೈರ್ಯ ಬರುತ್ತಿರಲಿಲ್ಲ. "ದೇವ್ರೇ, ಇದನ್ನ ಮಾಡಿದ್ ಕೈ ಯಾವ್ದು?" ಅಂದಳು ಪ್ರೇಮಲತಾ. ಅವಳ ಕಣ್ಣಲ್ಲಿ ನೀರೇ ಬಂತು. ಚಪ್ಪಲಿ ಬಿಟ್ಟು ಒಳಗೆ ಹೋಗಿ, ಅಂಗೈ ಇಟ್ಟಳು. ಆಮೇಲೆ ಮಂಡಿ ಊರಿದಳು.

ಕಲ್ಲು! ಬಂಡೆಯ ಹಾಗೆ ಗಟ್ಟಿ. ಮಂಡಿ ಊರಿದ ಸದ್ದು ಟಣ್ ಎಂದು ಅವಳ ಹಲ್ಲಿಗೆ ತಾಗಿತು. ಇದರ ಮೇಲೆ ಓಡಿಬಂದು ಬಿದ್ದ ಹುಡುಗಿ ಎದ್ದು ಮನೆಗೆ ಹೋಗೋದಿಲ್ಲ, ಆಸ್ಪತ್ರೆಗೆ ಹೋಗುತ್ತಾಳೆ.

"ಯಾಕವ್ವಾ, ಮಖ ಹಂಗಾಯ್ತು? ಚೆನ್ನಾಗಿಲ್ವಾ?" ಹಿಂದಿನಿಂದ ಚಿಕ್ಕಗಂಗಮ್ಮ ಕೇಳಿದಳು.

ಪ್ರೇಮಲತಾಗೆ ಬೈಯಲು ಬಾಯಿ ಬಂತು, ಆದರೆ ಆ ನೆಲದ ಮುಂದೆ ನಿಂತು ಬೈಯಲು ಮನಸ್ಸು ಬರಲಿಲ್ಲ. "ಅಮ್ಮಾ, ತುಂಬಾ ಗಟ್ಟಿ ಆಗೋಯ್ತಲ್ಲ" ಅಂದಳು.

"ಇನ್ನೇನು ಮತ್ತೆ? ಕಣ ಗಟ್ಟಿ ಇರ್ದೆ ಮೆತ್ಗಿರ್ತದಾ? ಮೆತ್ಗಿದ್ರೆ ರಾಗಿ ಜೊತೆ ಮಣ್ಣೆದ್ದು ಬತ್ತದೆ."

"ಯಾವ್ ರಾಗಿ?"

"ನೀವ್ ಬಡಿಯೋ ರಾಗಿ."

ಪ್ರೇಮಲತಾ ಲಕ್ಷ್ಮೀಕಾಂತನ ಕಡೆ ತಿರುಗಿದಳು. ಲಕ್ಷ್ಮೀಕಾಂತ್ ತನ್ನ ಮೊಬೈಲಿನಲ್ಲಿ ತನ್ನದೇ ಮೆಸೇಜನ್ನು ಮತ್ತೆ ಓದಿದ. ಓದಿ ಮುಗಿಸುವಷ್ಟರಲ್ಲಿ ಅವನ ಮುಖ ಬದನೆಕಾಯಿ ಬಣ್ಣಕ್ಕೆ ಬಂದಿತ್ತು. ಪ್ರೇಮಲತಾ ಅವನಿಗೆ ಎರಡು ಮಾತು ಅಂದಳು, ಅವನ್ನು ಇಲ್ಲಿ ಬರೆಯೋದು ಬೇಡ. ಆಮೇಲೆ ಕುಸಿದು ಅಂಚಿನಲ್ಲೇ ಕೂತಳು. "ಅಮ್ಮಾ, ಇದು ರಾಗಿಗಲ್ಲ. ಹೆಣ್ಮಕ್ಳು ಆಟ ಆಡೋದಕ್ಕೆ. ಓಡ್ತಾರೆ, ಓಡಿ ಓಡಿ ಬೀಳ್ತಾರೆ. ಬೀಳೋದೇ ಆಟ. ಇನ್ನು ಐದು ದಿನದಲ್ಲಿ ನೋಡೋಕೆ ಬರ್ತಾರೆ. ಅವರು ಒಪ್ಪದೇ ಇದ್ರೆ ಆಟ ನಮ್ಮೂರಲ್ಲಿ ಆಗೋದೇ ಇಲ್ಲ."

ಚಿಕ್ಕಗಂಗಮ್ಮ ತನ್ನ ಕಣವನ್ನು ಒಮ್ಮೆ ಉದ್ದಕ್ಕೂ ನೋಡಿದಳು. ಏಳು ವರ್ಷದ ಮೇಲೆ ಮಾಡಿದ ಕಣ, ಅವಳ ಜನ್ಮದಲ್ಲೇ ದೊಡ್ಡ ಕಣ. ಹೆಂಗಸರಲ್ಲೊಬ್ಬಳು ಕಣ್ಣೊರೆಸಿಕೊಂಡಳು.

"ಬೀಳಕ್ಕೆ ಅಂತ ಮೊದ್ಲೇ ಹೇಳ್ಬಾರ್ದೇನವ್ವಾ?" ಅಂದಳು ಚಿಕ್ಕಗಂಗಮ್ಮ. "ಬಡಿಯೋ ನೆಲ ಬೇರೆ, ಬೀಳೋ ನೆಲ ಬೇರೆ. ಹಸ ಕರು ಹಾಕೋ ಕೊಟ್ಗೆ ನೋಡಿದ್ದೀಯಾ? ನಿಂತ್ಕೊಂಡೇ ಹಾಕ್ತದೆ ಒಂದೊಂದ್ ಸಲ. ಕರು ದೊಪ್ಪಂತ ಬೀಳ್ತದೆ. ಬಿದ್ರೆ ನೋಯ್ಬಾರ್ದು, ಎದ್ದು ನಿಂತ್ರೆ ಜಾರ್ಬಾರ್ದು. ಆ ನೆಲ ಮಾಡಾದು ನಂಗೊತ್ತು." ಅಷ್ಟಂದು ಗುದ್ದಲಿ ತರಿಸಿದಳು. ಮೊದಲ ಏಟು ಅವಳೇ ಹಾಕಿದಳು, ನಟ್ಟನಡುವೆ. ಪ್ರೇಮಲತಾಗೆ ಅದನ್ನು ನೋಡಲಾಗಲಿಲ್ಲ. ತಾನು ನೇಯ್ದ ಸೀರೆಯನ್ನು ತಾನೇ ಹರಿಯುವ ಹೆಂಗಸನ್ನು ನೋಡಿದ ಹಾಗಾಯಿತು.

ಅಲ್ಲಿಂದ ಮುಂದಿನದು ನೋಡಿದವರು ಇವತ್ತಿಗೂ ಹೇಳಿಕೊಳ್ಳುತ್ತಾರೆ. ಅರ್ಧ ಅಡಿ ಆಳ ಅಗೆದು, ಹೆಂಟೆ ಒಡೆದು, ಅಷ್ಟನ್ನೂ ಜರಡಿ ಹಿಡಿದರು. "ಹುತ್ತದ ಮಣ್ಣು ಬೇಕು" ಅಂದಳು ಚಿಕ್ಕಗಂಗಮ್ಮ. ಕುಣಿಗಲ್ ಕಡೆಯ ಹುತ್ರಿದುರ್ಗದ ತಪ್ಪಲಿನಿಂದ ಮೂರು ಟ್ರಾಕ್ಟರ್ ಬಂತು, ಅದೂ ಗೆದ್ದಲು ಬಿಟ್ಟುಹೋದ ಹುತ್ತದ್ದೇ ಆಗಬೇಕು, ನಾಗಪ್ಪ ಇರೋ ಹುತ್ತ ಮುಟ್ಟಿದರೆ ಕೈ ಮುರೀತೀನಿ ಎಂದು ಡ್ರೈವರಿಗೆ ತಾಕೀತು. "ಇದು ಹಿಡ್ಕೊಳ್ಳಾಕೆ. ಬುಟ್ಕೊಡಾಕೆ ಏನಾದ್ರೂ ಬೇಕಲ್ಲ" ಅಂದಳು. ಬಿಟ್ಟುಕೊಡಲು ಗುಬ್ಬಿಯ ನಾರಿನ ಮಿಲ್ಲಿನಿಂದ ತೆಂಗಿನ ನಾರಿನ ಪುಡಿ ಬಂತು, ಮೂಟೆ ಮೂಟೆ. ಎಷ್ಟಕ್ಕೆ ಎಷ್ಟು ಬೆರೆಸೋದು ಅಂತ ಸಮಿತಿಯ ಎಂಜಿನಿಯರು ಪುಸ್ತಕ ಹಿಡಿದು ಕೇಳಿದರು. ಅವಳು ಒಂದು ಹಿಡಿ ಮಣ್ಣು ಉಂಡೆ ಕಟ್ಟಿ ಸೊಂಟದೆತ್ತರದಿಂದ ಬಿಟ್ಟಳು. ಉಂಡೆ ಚೂರಾದರೆ ಹುತ್ತದ ಮಣ್ಣು ಇನ್ನಷ್ಟು, ಉಂಡೆ ಉಂಡೆಯಾಗೇ ಉಳಿದರೆ ನಾರು ಇನ್ನಷ್ಟು. ಬಾಯಿ ಬಿಟ್ಟು ಎರಡು ಹೋಳಾದರೆ ಸರಿ. ಎಂಜಿನಿಯರು ಅದನ್ನೇ ಪುಸ್ತಕದಲ್ಲಿ ಬರೆದುಕೊಂಡರು.

ರೋಲರ್ ಬೇಡ ಅಂದಳು, ದಿಮ್ಮಸೂ ಬೇಡ ಅಂದಳು. ಹನ್ನೆರಡು ಹೆಂಗಸರು ಹೆಗಲಿಗೆ ಹೆಗಲು ಕೊಟ್ಟು ಸಾಲಾಗಿ ನಿಂತು ಬರಿಗಾಲಲ್ಲಿ ತುಳಿದರು. ಹಿಮ್ಮಡಿ, ಆಮೇಲೆ ಮುಂಗಾಲು, ಮತ್ತೆ ಹಿಮ್ಮಡಿ. ಈ ತುದಿಯಿಂದ ಆ ತುದಿಗೆ, ಆ ತುದಿಯಿಂದ ಈ ತುದಿಗೆ, ಬೆಳಗ್ಗೆ ಏಳಕ್ಕೆ ಶುರುವಾದರೆ ಸಂಜೆ ಆರರವರೆಗೆ. ನೀರು ಚಿಮುಕಿಸಿ, ಗೋಣಿತಾಟು ಹೊದಿಸಿ, ಮಾರನೆಯ ದಿನ ತೆಗೆದು ಮತ್ತೆ ತುಳಿತ. ಎರಡನೆಯ ದಿನ ಪ್ರೇಮಲತಾ ಶೂ ಬಿಚ್ಚಿಟ್ಟು ಸಾಲಿಗೆ ಸೇರಿದಳು. ಮಧ್ಯಾಹ್ನಕ್ಕೆ ಅವಳ ಮೀನಖಂಡ ಹಿಡಿದುಕೊಂಡು ಬಿಟ್ಟವು. ಪಕ್ಕದಲ್ಲಿ ಚಿಕ್ಕಗಂಗಮ್ಮ ಎಲೆ ಅಡಿಕೆ ಹಾಕಿಕೊಂಡು ಆರಾಮಾಗಿ ತುಳಿಯುತ್ತಿದ್ದಳು. "ನೀನು ಆಟದ ಟೀಚರು ಅಂತೀಯ, ಇಷ್ಟಕ್ಕೇ ಸುಸ್ತಾದೆಯಲ್ಲವ್ವ" ಅಂದಾಗ ಹೆಂಗಸರೆಲ್ಲ ಘೊಳ್ ಎಂದರು. ಪ್ರೇಮಲತಾ ನಕ್ಕಳು. ಜೀವಮಾನದಲ್ಲಿ ಎಷ್ಟೋ ಚಾಂಪಿಯನ್ನರನ್ನು ನೋಡಿದ್ದೆ, ಇಂಥ ಕಾಲು ನೋಡಿರಲಿಲ್ಲ ಅಂದುಕೊಂಡಳು.

ನಾಲ್ಕನೆಯ ದಿನ, ಅಂದರೆ ಹೇಳಿದ್ದಕ್ಕಿಂತ ಒಂದು ದಿನ ಮುಂಚೆ, ಬೆಳಗ್ಗೆ ಹತ್ತಕ್ಕೆ ಗೇಟಿನಲ್ಲಿ ಕಾರು ನಿಂತಿತು. ಕೀನ್ಯಾ ದೇಶದ ವಂಬುಯಿ ಮೇಡಂ, ಆರಡಿ ಎತ್ತರದ ಹೆಂಗಸು, ಪರೀಕ್ಷೆ ಮಾಡುವವರು ಅವರೇ. ವಿಮಾನದ ಹೊತ್ತು ಬದಲಾಗಿದೆ, ನಾನು ಹನ್ನೊಂದಕ್ಕೆ ಹೊರಡಲೇಬೇಕು ಅಂದರು. ಸಮಿತಿಯ ದೊಡ್ಡವರೆಲ್ಲ ಓಡಿ ಬಂದರು, ಹೂವಿನ ಹಾರ ಬಂತು, ಎಳನೀರು ಬಂತು. ಮೇಡಂ ಎರಡನ್ನೂ ಪಕ್ಕಕ್ಕಿಟ್ಟು ನೆಲಕ್ಕೆ ಕೂತರು. ದಾರ ಹಿಡಿದು ಮಟ್ಟ ನೋಡಿದರು. ನೀರು ಸುರಿದು ಎಷ್ಟು ಹೊತ್ತಿಗೆ ಇಂಗುತ್ತದೆ ಅಂತ ನೋಡಿದರು. ಹೆಬ್ಬೆರಳು ಒತ್ತಿದರು. ಮಣ್ಣು ಮೂಸಿದರು.

"ಚೆನ್ನಾಗಿ ಕಾಣುತ್ತಿದೆ" ಅಂದರು ಇಂಗ್ಲಿಷಿನಲ್ಲಿ. "ಆದರೆ ಆಟಗಾರ್ತಿ ಬೀಳುವುದನ್ನು ಕಣ್ಣಾರೆ ನೋಡದೆ ನಾನು ಸಹಿ ಹಾಕುವುದಿಲ್ಲ. ಹುಡುಗಿಯರು ಎಲ್ಲಿ?"

ಹುಡುಗಿಯರು ಕ್ಯಾಂಪ್ ಮುಗಿಸಿ ಗುಬ್ಬಿಯಿಂದ ಹೊರಟ ಬಸ್ಸಿನಲ್ಲಿದ್ದರು. ಪ್ರೇಮಲತಾ ಫೋನ್ ಹಚ್ಚಿದಳು. "ಟೀಚರ್, ಗುಬ್ಬಿ ಗೇಟ್ ಹತ್ರ ನಿಂತ್ಬಿಟ್ಟಿದೀವಿ, ಬಸ್ ಬಿಡ್ತಿಲ್ಲ" ಅಂದಳು ಭೂಮಿಕಾ. "ಯಾಕೆ?" "ಫಾರಿನ್ನವರು ಬರ್ತಾರೆ ಅಂತ ರೋಡಿಗೆ ಜೀಬ್ರಾ ಪಟ್ಟೆ ಹೊಡೀತಾ ಇದಾರೆ. ಪೇಂಟ್ ಒಣಗೋವರೆಗೂ ಬಿಡಲ್ವಂತೆ."

ಹತ್ತೂವರೆ. ಹತ್ತು ಮುಕ್ಕಾಲು. ವಂಬುಯಿ ಮೇಡಂ ಗಡಿಯಾರ ನೋಡಿದರು. "ಹುಡುಗಿಯರೇ ಆಗಬೇಕೆಂದಿಲ್ಲ. ಯಾರಾದರೂ ಓಡಿ ಬಂದು ಬಿದ್ದರೆ ಸಾಕು." ಸಮಿತಿಯ ದೊಡ್ಡವರು ತಮ್ಮ ತಮ್ಮ ಶೂ ನೋಡಿಕೊಂಡರು. ಆಮೇಲೆ ಎಲ್ಲರೂ ಪ್ರೇಮಲತಾಳನ್ನು ನೋಡಿದರು. ಇದ್ದವರಲ್ಲಿ ಆಟ ಗೊತ್ತಿದ್ದವಳು ಅವಳೊಬ್ಬಳೇ. ಟ್ರ್ಯಾಕ್ ಸೂಟಿನಲ್ಲೇ ಇದ್ದಳು.

ಸುಳ್ಳೇಕೆ, ಹೆದರಿದಳು. ತನ್ನ ಮೈಗೆ ಏನಾದೀತು ಅಂತಲ್ಲ. ಇದು ಇನ್ನೂ ಹಸಿ ನೆಲ, ನಾಳೆಗೆ ಸಿದ್ಧವಾಗಬೇಕಾದದ್ದು, ಇವತ್ತು ಬಿದ್ದು ಒಂದು ಹನಿ ರಕ್ತ ಬಂತೋ, ಇಷ್ಟೂ ದಿನದ್ದು ಹೋಯಿತು, ಊರಿನ ಮಾನ ಹೋಯಿತು, ಅದಕ್ಕೆ ನಾನೇ ಕಾರಣ ಆಗುತ್ತೇನೆ. ಭೂಮಿಕಾಳ ಸುಲಿದ ಕಾಲು ಕಣ್ಣ ಮುಂದೆ ಬಂತು. "ಇನ್ನು ಹತ್ತು ನಿಮಿಷ ಮೇಡಂ, ಬಸ್ ಬಂದೇ ಬಿಡುತ್ತೆ" ಅಂದಳು, ಬರೋದಿಲ್ಲ ಅಂತ ಗೊತ್ತಿದ್ದೂ.

ಬೇವಿನ ಮರದ ಕೆಳಗೆ ಕೂತಿದ್ದ ಚಿಕ್ಕಗಂಗಮ್ಮ ಲಕ್ಷ್ಮೀಕಾಂತನನ್ನು ಕೇಳಿದಳು: "ಆವಮ್ಮ ಏನಂತದೆ?"

"ಯಾರಾದ್ರೂ ಓಡಿ ಬಂದು ಬೀಳ್ಬೇಕಂತೆ ಅಮ್ಮಾ."

"ಅಷ್ಟೇನಾ?"

ಎದ್ದಳು. ಬಾಯಲ್ಲಿದ್ದ ಎಲೆ ಅಡಿಕೆ ಉಗಿದಳು. ಸೀರೆಯನ್ನು ಮಂಡಿಯ ಮೇಲೆತ್ತಿ ಗದ್ದೆ ನಾಟಿಗೆ ಕಟ್ಟುವ ಹಾಗೆ ಬಿಗಿಯಾಗಿ ಕಚ್ಚೆ ಕಟ್ಟಿದಳು. ಪ್ರೇಮಲತಾಗೆ ಅರ್ಥವಾಗುವಷ್ಟರಲ್ಲಿ ಮುದುಕಿ ಆ ತುದಿಯ ಕಂಬದಿಂದ ಓಟ ಕಿತ್ತಾಗಿತ್ತು. "ಅಮ್ಮಾ, ಬೇಡಾ!" ಎಂದು ಕೂಗಿದಳು. ಯಾರು ಕೇಳುತ್ತಾರೆ? ಅರವತ್ತೆರಡು ವರ್ಷದ ಹೆಂಗಸು, ಬರಿಗಾಲು, ಬೆಳ್ಳಗಿನ ತುರುಬು ಬಿಚ್ಚಿ ಬೆನ್ನಿಗೆ ಬಿದ್ದಿದೆ, ದಡದಡನೆ ಓಡಿ ಬಂದಳು. ನಟ್ಟನಡುವೆ ಬಂದು ಎರಡು ಕೈ ಮುಂದೆ ಚಾಚಿ ಇಡೀ ಮೈಯನ್ನು ನೆಲಕ್ಕೆ ಎಸೆದಳು.

ದೊಪ್!

ಒಂದು ಮಾರು ದೂರ ಜಾರಿಕೊಂಡು ಹೋದಳು. ವಂಬುಯಿ ಮೇಡಂ "ಓ ಗಾಡ್" ಎಂದು ಓಡಿದರು, ಪ್ರೇಮಲತಾ ಅವರಿಗಿಂತ ಮುಂಚೆ ಓಡಿದಳು.

ಅವರು ಮುಟ್ಟುವಷ್ಟರಲ್ಲಿ ಚಿಕ್ಕಗಂಗಮ್ಮ ತಾನೇ ಎದ್ದು ಕೂತಿದ್ದಳು. ಮುಖ ತುಂಬ ಕೆಂಪು ಮಣ್ಣು. ಮೊಣಕೈ ಎರಡನ್ನೂ ಮೇಡಂ ಮುಂದೆ ಹಿಡಿದಳು, ಮಂಡಿ ಎರಡನ್ನೂ ತೋರಿಸಿದಳು. "ನೋಡ್ಕಳವ್ವಾ, ಚೆನ್ನಾಗ್ ನೋಡ್ಕ. ಎಲ್ಲಾದ್ರೂ ಒಂದ್ ಗೀರೈತಾ?"

ವಂಬುಯಿ ಮೇಡಂ ಕನ್ನಡಕ ಹಾಕಿಕೊಂಡು, ನೀರಿನಲ್ಲಿ ಮಣ್ಣು ತೊಳೆದು, ಆ ಸುಕ್ಕು ಚರ್ಮವನ್ನು ಇಂಚಿಂಚು ನೋಡಿದರು. ಒಂದು ಗೀರಿರಲಿಲ್ಲ. ಅವರು ಅಲ್ಲೇ, ನೆಲದ ಮೇಲೇ ಕೂತು ಫಾರಮ್ಮಿಗೆ ಸಹಿ ಹಾಕಿದರು. ಆಮೇಲೆ ಮುದುಕಿಯ ಎರಡು ಕೈಯನ್ನೂ ಹಿಡಿದು ಹಣೆಗೆ ಒತ್ತಿಕೊಂಡರು. ಅದು ಅವರ ದೇಶದ ಪದ್ಧತಿಯೋ ಏನೋ, ನಮಗೂ ಅರ್ಥವಾಯಿತು. ವಿಷಲ್ಲೇನು, ಚಪ್ಪಾಳೆಯೇನು! ಲಕ್ಷ್ಮೀಕಾಂತ್ ಅಳುತ್ತಾ ಕುಣಿಯುತ್ತಿದ್ದ. ಪಂದ್ಯಾವಳಿ ತುಮಕೂರಿನದಾಯಿತು.

ಕಾರು ಹೋದ ಮೇಲೆ ಪ್ರೇಮಲತಾ ಬೇವಿನ ಮರದ ಹತ್ತಿರ ಬಂದಳು. ಚಿಕ್ಕಗಂಗಮ್ಮ ಬಿಸಿ ಟೀ ಊದಿಕೊಂಡು ಕುಡಿಯುತ್ತಿದ್ದಳು. ಪ್ರೇಮಲತಾಗೆ ತಲೆ ಎತ್ತಲು ನಾಚಿಕೆ.

"ನಾನ್ ಬೀಳ್ಬೇಕಿತ್ತು ಅಮ್ಮಾ. ಹೆದರಿಬಿಟ್ಟೆ. ನಿಮಗೆ ಭಯ ಆಗ್ಲಿಲ್ವಾ?"

"ಯಾಕಾಗಲ್ಲ? ಓಡ್ತಾ ಓಡ್ತಾ ಊರ್ ದೇವ್ರುನ್ನೆಲ್ಲ ಕರ್ದೆ." ಚಿಕ್ಕಗಂಗಮ್ಮ ಲೋಟ ಕೆಳಗಿಟ್ಟಳು. "ಆದ್ರೆ ನಾನ್ ಮಾಡಿದ್ ನೆಲದ್ ಮೇಲೆ ಮೊದ್ಲು ನಾನ್ ಬೀಳ್ದೆ, ಯಾರ್ ಮನೆ ಮಕ್ಳುನ್ನ ಬೀಳುಸ್ಲವ್ವಾ?"

ಪ್ರೇಮಲತಾ ಶೂ ಬಿಚ್ಚಿದಳು, ವಿಷಲ್ಲನ್ನು ತೆಗೆದು ಮುದುಕಿಯ ಕೈಗೆ ಕೊಟ್ಟಳು, ಆ ತುದಿಯ ಕಂಬದ ಹತ್ತಿರ ಹೋಗಿ ನಿಂತಳು.

"ಎದೆ ಕೊಟ್ಟು ಬೀಳವ್ವಾ, ಮಂಡಿ ಕೊಡ್ಬೇಡ!" ಎಂದು ಚಿಕ್ಕಗಂಗಮ್ಮ ಮರದ ಕೆಳಗಿನಿಂದ ಕೂಗಿದಳು.

ಪ್ರೇಮಲತಾ ಓಡಿದಳು.